‘ಆಮೇಲೆ’ ಎಂಬ ನಷ್ಟ



ಪವಿತ್ರ ಕುರ್‌ಆನಿನ 103ನೆಯ ಅಧ್ಯಾಯವಾದ ‘ಅಲ್ ಅಸ್ರ್’ನಲ್ಲಿರುವುದು ಮೂರೇ ಸೂಕ್ತಗಳು. ಅಲ್ಲಿ ಅಲ್ಲಾಹನು ಕಾಲದ ಮೇಲೆ ಆಣೆಯಿಟ್ಟು ಮನುಷ್ಯನ ನಷ್ಟವನ್ನು ನೆನಪಿಸುತ್ತಾನೆ. ಈ ನಷ್ಟ ಒಂದೇ ದಿನದಲ್ಲಿ ಆಗುವಂಥದಲ್ಲ. ‘ಆಮೇಲೆ ಮಾಡಿದರಾಯಿತು’ ಎನ್ನುತ್ತಾ ದಿನದಿನವೂ ಬೆಳೆಯುವಂಥದು.

ಮಗ್ರಿಬ್‌ನಿಂದ ಇಶಾವರೆಗೆ ನಮ್ಮ ನಾಡಿನಲ್ಲಿ ಸುಮಾರು ಒಂದೂಕಾಲು ಗಂಟೆ ಸಿಗುತ್ತದೆ. ಒಂದು ಸಂದೇಶ ನೋಡಲೆಂದು ಮೊಬೈಲ್ ಎತ್ತಿಕೊಂಡರೆ ಒಂದರ ಹಿಂದೊಂದು ವಿಡಿಯೋ ಬರುತ್ತದೆ. ಇಶಾದ ಅಝಾನ್ ಕೇಳಿದಾಗಲೇ ಎಚ್ಚರ. ಮಗುವಿನ ಪಾಠ, ಹಾಸಿಗೆ ಹಿಡಿದ ತಾಯಿಯೊಡನೆ ಎರಡು ಮಾತು, ಎಲ್ಲವೂ ನಾಳೆಗೆ ಉಳಿಯುತ್ತವೆ.

ಇಂದೇ ಒಂದು ನಿಯಮ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಮನೆಯವರೆಲ್ಲರ ಮೊಬೈಲುಗಳು ಬೇರೆ ಕೋಣೆಯಲ್ಲಿರಲಿ. ಮೊದಲು ಹಿರಿಯರೇ ಇಡಲಿ. ಬಾಕಿ ಉಳಿದ ಒಂದು ಕೆಲಸವನ್ನಾದರೂ ಇಶಾಕ್ಕೆ ಮೊದಲು ಮುಗಿಸಿ.

ತಪ್ಪಿದ ನಮಾಝಿಗೆ ಖಝಾ ಉಂಟು. ತೀರಿಹೋದ ತಾಯಿಯೊಡನೆ ಆಡದೆ ಉಳಿದ ಮಾತಿಗೆ ಖಝಾ ಇಲ್ಲ.