ಪರದೇಶ ಪ್ರಯಾಣದಿಂದಾಗುವ ಅಭಿವೃದ್ಧಿ: ಪಂಡಿತಾ ರಮಾಬಾಯಿಯ ದೃಷ್ಟಾಂತ



ಕೆಲವು ದಿವಸಗಳ ಹಿಂದೆ ನಮ್ಮ ಸಭೆಯ ಒಬ್ಬ ವಿಧವೆಯು ಸಾಯಂಕಾಲದಲ್ಲಿ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತುಕೊಂಡಳು. ದಾದಿಯ ಕೆಲಸವನ್ನು ಕಲಿತ ಆಕೆಯ ಮಗಳು ಪರದೇಶದ ಒಂದು ಆಸ್ಪತ್ರೆಗೆ ಹೋಗುವದಕ್ಕೆ ಸಿದ್ಧಳಾಗಿದ್ದಳು. ತಾಯಿಯು ಬಹಳ ಹೊತ್ತು ಸುಮ್ಮನಿದ್ದು ಕಡೆಗೆ, "ಉಪದೇಶಿಯವರೇ, ಹೋದವಳು ನನ್ನ ಮಗಳಾಗಿಯೇ ತಿರಿಗಿ ಬರುವಳೋ?" ಎಂದು ಕೇಳಿದಳು. ಆ ಹೊತ್ತಿನಲ್ಲಿ ನಾವು ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ನಾವು ಘಟ್ಟವನ್ನು ಹತ್ತಿ ಇಳಿದವರೇ ಹೊರತು ಸಮುದ್ರವನ್ನು ದಾಟಿದವರಲ್ಲ. ಆದಕಾರಣ ದಾಟಿದವಳೊಬ್ಬಳ ಚರಿತ್ರೆಯನ್ನು ತೆಗೆದು, ಆ ತಾಯಿಯ ಪ್ರಶ್ನೆಯನ್ನು ಅದರ ಮುಂದೆ ಇಟ್ಟು ನೋಡೋಣ.

ಹೊರಡುವದಕ್ಕೆ ಮುಂಚೆ

ಪಂಡಿತಾ ರಮಾಬಾಯಿಯು 1858ನೆಯ ಇಸವಿಯಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಹುಟ್ಟಿದಳು. ಆಕೆಯ ತಂದೆಯಾದ ಅನಂತ ಶಾಸ್ತ್ರಿಯು ಆ ಕಾಲದ ವಾಡಿಕೆಗೆ ವಿರೋಧವಾಗಿ ತನ್ನ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದನು. ಆ ತಾಯಿಯು ಮಗಳಿಗೆ ಕಲಿಸಿದಳು. ಕುಟುಂಬವೆಲ್ಲಾ ಪುರಾಣ ಓದುತ್ತಾ ತೀರ್ಥಕ್ಷೇತ್ರಗಳನ್ನು ಸುತ್ತುತ್ತಿತ್ತು. ಬರಗಾಲದಲ್ಲಿ ತಂದೆತಾಯಿಗಳು ತೀರಿಹೋದ ಮೇಲೆ ಅಣ್ಣತಂಗಿಯರಿಬ್ಬರೂ ಕಾಲ್ನಡೆಯಾಗಿ ದೇಶವನ್ನು ಸಂಚರಿಸಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಆಶ್ಚರ್ಯಪಟ್ಟು ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ತೀರಿಕೊಂಡನು; ಅದೇ ವರುಷ ಆಕೆಯು ಬಂಗಾಳದ ಒಬ್ಬ ವಕೀಲನನ್ನು ವಿವಾಹವಾದಳು. 1882ರಲ್ಲಿ ಗಂಡನೂ ತೀರಿಹೋದನು. ಹೀಗೆ 24 ವರುಷ ತುಂಬುವದಕ್ಕೆ ಮುಂಚೆಯೇ ಆಕೆಯು ಹಸುಗೂಸನ್ನು ಕಂಕುಳಲ್ಲಿ ಹೊತ್ತ ವಿಧವೆಯಾದಳು.

ಆ ವರುಷವೇ ಸರಕಾರದ ವಿದ್ಯಾಭ್ಯಾಸ ಮಂಡಲಿಯ ಮುಂದೆ ಆಕೆಯು ಸಾಕ್ಷಿ ಹೇಳಿ, ನಮ್ಮ ಹೆಂಗಸರಿಗೆ ಉಪಾಧ್ಯಾಯಿನಿಯರೂ ಸ್ತ್ರೀ ವೈದ್ಯರೂ ಅವಶ್ಯವೆಂದು ತಿಳಿಸಿದಳು. ತಾನೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಆಶಿಸಿ, ಮರಾಠಿಯಲ್ಲಿ ತಾನು ಬರೆದ ಸ್ತ್ರೀಧರ್ಮನೀತಿಯೆಂಬ ಪುಸ್ತಕದ ಹಣದಿಂದ ಹಡಗಿನ ವೆಚ್ಚವನ್ನು ಕೂಡಿಸಿ, 1883ರಲ್ಲಿ ಇಂಗ್ಲೆಂಡಿಗೆ ಹೋದಳು. ಇದನ್ನು ಮೊದಲು ಗಮನಿಸಬೇಕು: ಆಕೆಯು ವಿನೋದಕ್ಕಾಗಿ ಹೋದವಳಲ್ಲ; ಒಂದು ಕೆಲಸಕ್ಕಾಗಿ ಹೋದವಳು.

ಮೊದಲನೆಯ ಪಾಠ: ಮುಚ್ಚಿದ ಬಾಗಲು

ಯಾವ ಕೆಲಸಕ್ಕಾಗಿ ಹೋದಳೋ ಅದೇ ಕೈಗೂಡಲಿಲ್ಲ. ಆಕೆಯ ಕಿವಿ ಮಂದವಾಗುತ್ತಾ ಬಂದದ್ದರಿಂದ ವೈದ್ಯಶಾಲೆಗೆ ಸೇರುವದು ಅಸಾಧ್ಯವಾಯಿತು. ಸಂಗಡ ಹೋಗಿದ್ದ ಸ್ನೇಹಿತೆಯು ಸ್ವಲ್ಪ ಕಾಲದಲ್ಲಿಯೇ ಅಲ್ಲಿ ಮರಣಹೊಂದಿದಳು. ಪರಭಾಷೆ, ಪರಜನ, ಚಳಿ, ಕೈಯಲ್ಲಿ ಮಗು. ತಿರಿಗಿ ಬಂದರೂ ಯಾರೂ ದೂಷಿಸುತ್ತಿರಲಿಲ್ಲ. ಆದಾಗ್ಯೂ ಆಕೆಯು ವಾಂಟೇಜ್ ಎಂಬ ಊರಿನ ಕನ್ಯಾಮಠದ ಸಹೋದರಿಯರ ಬಳಿ ಇದ್ದು ಇಂಗ್ಲಿಷನ್ನು ಕಲಿತು, ಆಮೇಲೆ ಚೆಲ್ಟೆನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ತಾನು ಓದುತ್ತಾ ಇತರರಿಗೆ ಸಂಸ್ಕೃತವನ್ನು ಕಲಿಸಿದಳು. ಸ್ವಂತ ಊರಿನಲ್ಲಿ ಒಂದು ಬಾಗಲು ಮುಚ್ಚಿದರೆ ನೆರೆಯವರ ಬಾಗಲನ್ನು ತಟ್ಟುತ್ತೇವೆ. ಪರದೇಶದಲ್ಲಿ ಮುಚ್ಚಿದರೆ ನಮ್ಮೊಳಗೆ ಎಷ್ಟು ಬಲವಿದೆ, ಎಷ್ಟು ಬರಿಯ ನೆಂಟರ ಆಸರೆಯಾಗಿತ್ತು ಎಂಬದು ಗೊತ್ತಾಗುತ್ತದೆ.

ಎರಡನೆಯ ಪಾಠ: ಸ್ವಂತ ಮನೆಯನ್ನು ದೂರದಿಂದ ನೋಡುವದು

ಸಹೋದರಿಯರು ಆಕೆಯನ್ನು ಲಂಡನಿನ ಫುಲ್‌ಹಮ್ ಎಂಬಲ್ಲಿ ತಾವು ನಡಿಸುತ್ತಿದ್ದ ಒಂದು ಆಶ್ರಯಕ್ಕೆ ಕಳುಹಿಸಿದರು. ದಾರಿ ತಪ್ಪಿದ ಸ್ತ್ರೀಯರನ್ನು ಒಳ್ಳೇ ಮನೆತನದ ಹೆಂಗಸರು ಅಲ್ಲಿ ಪ್ರೀತಿಯಿಂದ ಆರೈಕೆಮಾಡುವದನ್ನು ಆಕೆಯು ಕಂಡಳು. ಅಂಥವರನ್ನು ಬೀದಿಗೆ ತಳ್ಳುವದನ್ನೇ ಆಕೆಯು ತನ್ನ ನಾಡಿನಲ್ಲಿ ಕಂಡಿದ್ದಳು. ಅದು ತಪ್ಪೆಂದು ಯಾರೂ ಹೇಳುವದನ್ನು ಕೇಳಿರಲಿಲ್ಲ. ಇವರ ಕರುಣೆಗೆ ಕಾರಣವೇನೆಂದು ವಿಚಾರಿಸಿದಾಗ, ಕರ್ತನು ಬಾವಿಯ ಬಳಿಯಲ್ಲಿ ಸಮಾರ್ಯದ ಸ್ತ್ರೀಯ ಸಂಗಡ ಮಾತಾಡಿದ ಸಂಗತಿಯನ್ನು ಒಬ್ಬ ಸಹೋದರಿಯು ಆಕೆಗೆ ತಿಳಿಸಿದಳು. 1883ನೆಯ ಸಪ್ಟೆಂಬರ್ 29ರಲ್ಲಿ ರಮಾಬಾಯಿಯು ಮಗಳಾದ ಮನೋರಮೆಯೊಂದಿಗೆ ದೀಕ್ಷಾಸ್ನಾನವನ್ನು ಹೊಂದಿದಳು.

ಮನೆಯೊಳಗೇ ಇರುವವನಿಗೆ ತನ್ನ ಮನೆಯ ಹೊಗೆ ಕಾಣುವದಿಲ್ಲ. ಹೊರಗೆ ನಿಂತವನಿಗೆ ಮಾಡು ಎಲ್ಲಿ ಸೋರುತ್ತದೆಂದು ತಿಳಿಯುತ್ತದೆ.

ಮೂರನೆಯ ಪಾಠ: ತೆಗೆದುಕೊಳ್ಳುವದೂ ಬಿಡುವದೂ

ಆದರೆ ಹೊರಗೆ ನಿಂತವಳು ಆ ಹೊರಗಿನ ಮನೆಯೆಲ್ಲಾ ಚೊಕ್ಕಟವೆಂದೂ ನಂಬಲಿಲ್ಲ. ಆಕೆಯು ಸೀರೆಯನ್ನು ಬಿಡಲಿಲ್ಲ, ಸಸ್ಯಾಹಾರವನ್ನೂ ಬಿಡಲಿಲ್ಲ. ಧರಿಸುವ ಶಿಲುಬೆಯ ಮೇಲೆ ಲತೀನ್ ಭಾಷೆಯ ಅಕ್ಷರಗಳೇ ಯಾಕೆ, ಸಂಸ್ಕೃತವಾದರೆ ಕಡಿಮೆಯೇನೆಂದು ವಾದಿಸಿದಳು. ಆಕೆಯು ಗಂಡಸರಿಗೂ ಪಾಠ ಹೇಳಬಹುದೋ ಎಂಬ ಪ್ರಶ್ನೆ ಎದ್ದಾಗ, ಅದರಿಂದ ಸ್ವದೇಶದಲ್ಲಿ ಆಕೆಯ ಗೌರವವು ಕೆಡುವದೆಂದು ಬಿಷಪ್ಪರು ತಡೆದರು. ನನ್ನ ತಂದೆಯೂ ಗಂಡನೂ ಆಕ್ಷೇಪಿಸದ್ದನ್ನು ಇಂಗ್ಲೆಂಡಿನವರು ಆಕ್ಷೇಪಿಸುವದು ವಿಚಿತ್ರವೆಂದು ಆಕೆಯು ಉತ್ತರ ಬರೆದಳು. ಇದು ಗರ್ವವೆಂದು ಆಕೆಯನ್ನು ಪ್ರೀತಿಸಿದವರೇ ನೊಂದುಕೊಂಡರು. ಆಕೆಯ ಬಿರುಸಿನ ಮಾತುಗಳೆಲ್ಲವೂ ಯುಕ್ತವೆಂದು ನಾವು ಹೇಳುವದಿಲ್ಲ. ಆದರೆ ಉಪಕಾರ ಹೊಂದಿದ ಮನೆಯಲ್ಲಿ ಕೃತಜ್ಞತೆಯನ್ನು ಬಿಡದೆ ಮನಸ್ಸಾಕ್ಷಿಯನ್ನೂ ಬಿಡದೆ ಇರುವದು ಸುಲಭವಲ್ಲ. ವಿಶ್ವಾಸವನ್ನು ಅಂಗೀಕರಿಸುವದು ಒಂದು. ಪರರ ಉಡಿಗೆ ಊಟಗಳನ್ನು ಅಂಗೀಕರಿಸುವದು ಮತ್ತೊಂದು. ಈ ಭೇದವನ್ನು ಆಕೆಯು ಕಲಿತದ್ದು ಪರದೇಶದಲ್ಲಿಯೇ.

ನಾಲ್ಕನೆಯ ಪಾಠ: ಕಲಿತದ್ದನ್ನು ಮನೆಗೆ ತರುವದು

1886ರಲ್ಲಿ ಆನಂದಿಬಾಯಿ ಜೋಶಿಯು ಅಮೇರಿಕದ ಫಿಲಡೆಲ್ಫಿಯ ಪಟ್ಟಣದಲ್ಲಿ ವೈದ್ಯಪದವಿಯನ್ನು ಹೊಂದುವದನ್ನು ನೋಡಲು ರಮಾಬಾಯಿಯು ಅಲ್ಲಿಗೆ ಹೋದಳು. ಆ ಸಮಾರಂಭವು ಮಾರ್ಚ್ 11ರಲ್ಲಿ ನಡೆಯಿತು. ತನಗೆ ಮುಚ್ಚಿದ ಬಾಗಲಿನೊಳಗೆ ಮತ್ತೊಬ್ಬಳು ಹೋಗುವದನ್ನು ಹೊಟ್ಟೆಕಿಚ್ಚಿಲ್ಲದೆ ನೋಡಿ ಸಂತೋಷಪಡುವದೂ ಒಂದು ಬೆಳವಣಿಗೆಯೇ. ಕೆಲವು ತಿಂಗಳು ಇರಬೇಕೆಂದು ಹೋದವಳು ಎರಡು ವರುಷಕ್ಕಿಂತ ಹೆಚ್ಚಾಗಿ ಇದ್ದು, ಚಿಕ್ಕ ಮಕ್ಕಳಿಗೆ ಆಟದ ಮೂಲಕ ಕಲಿಸುವ ಕಿಂಡರ್‌ಗಾರ್ಟನ್ ಕ್ರಮವನ್ನು ಕಲಿತಳು. ಹಿಂದೂ ದೇಶದ ಉಚ್ಚ ಕುಲದ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದು 1887ರಲ್ಲಿ ಪ್ರಕಟಿಸಿದಳು. ಊರೂರಿಗೆ ಹೋಗಿ ವಿಧವೆಯರ ಶಾಲೆಗೋಸ್ಕರ ಸಹಾಯ ಕೇಳಿದಳು. ಆ ದೇಶದ ಹೆಂಗಸರ ವಿದ್ಯೆಯನ್ನೂ ಸಂಘಗಳನ್ನೂ ಮೆಚ್ಚಿ ಬರೆದ ಆಕೆಯು, ಅಲ್ಲಿಯ ಮೂಲನಿವಾಸಿಗಳಿಗೂ ಕಪ್ಪು ಜನರಿಗೂ ಆದ ಅನ್ಯಾಯವನ್ನು ಮುಚ್ಚಿಡಲಿಲ್ಲ.

ಜಪಾನಿನ ಮಾರ್ಗವಾಗಿ ತಿರಿಗಿ ಬಂದು 1889ನೆಯ ಮಾರ್ಚ್ 11ರಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವನ್ನು ತೆರೆದಳು. ಮೊದಲ ದಿವಸದ ವಿದ್ಯಾರ್ಥಿನಿಯರು ಇಬ್ಬರೇ. ಪುಣೆಯ ಸಮೀಪದ ಕೇಡಗಾಂವದಲ್ಲಿ ಬೆಳೆದ ಮುಕ್ತಿ ಸದನವು, 1896-97ರ ಬರಗಾಲದ ಕಾಲದಿಂದ ನೂರಾರು ಅನಾಥ ಹುಡುಗಿಯರಿಗೂ ವಿಧವೆಯರಿಗೂ ಅನ್ನವನ್ನೂ ಅಕ್ಷರವನ್ನೂ ಕೈಕೆಲಸವನ್ನೂ ಕೊಟ್ಟಿತು. ನಮ್ಮ ಗುಲ್ಬರ್ಗದಲ್ಲಿಯೂ ಹೆಣ್ಣುಮಕ್ಕಳ ಶಾಲೆಯು ಸ್ಥಾಪಿತವಾಯಿತು. ಆಕೆಯು 1922ನೆಯ ಎಪ್ರಿಲ್ 5ರಲ್ಲಿ ತೀರಿಕೊಂಡಳು.

ನಮಗೆ ಅನ್ವಯ

ನಮ್ಮ ಕರಾವಳಿಯ ಸಭೆಗಳಿಂದ ಅನೇಕ ಯೌವನಸ್ಥರು ಕೊಲ್ಲಿಯ ದೇಶಗಳಿಗೂ ಇನ್ನೂ ದೂರಕ್ಕೂ ಹೋಗುತ್ತಾರೆ. ಸಾಲ ತೀರಿಸುವದಕ್ಕಾಗಿಯೇ ಹೋಗಿ, ಕೆಲಸದ ಸ್ಥಳವನ್ನೂ ಮಲಗುವ ಕೋಣೆಯನ್ನೂ ಬಿಟ್ಟು ಬೇರೇನನ್ನೂ ನೋಡುವ ಬಿಡುವಿಲ್ಲದವರು ಅವರಲ್ಲಿದ್ದಾರೆ. ಅವರನ್ನು ನಾವು ದೂಷಿಸದೆ ಅವರಿಗಾಗಿ ಪ್ರಾರ್ಥಿಸೋಣ. ಆದರೆ ಬಿಡುವಿದ್ದೂ ನೋಡದವರು ಇದ್ದಾರೆ. ಅಂಥವರ ಪೆಟ್ಟಿಗೆಯು ಭಾರವಾಗಿ ಬರುತ್ತದೆ, ಮನಸ್ಸು ಮಾತ್ರ ಹೋದಷ್ಟೇ ಇಕ್ಕಟ್ಟಾಗಿ ಬರುತ್ತದೆ. ಹಡಗಾಗಲಿ ವಿಮಾನವಾಗಲಿ ಯಾರನ್ನೂ ಬೆಳಿಸುವದಿಲ್ಲ. ಕೇಳುವ ಮನಸ್ಸೂ, ಪರೀಕ್ಷಿಸುವ ಬುದ್ಧಿಯೂ, ತಿರಿಗಿ ಕೊಡುವ ಕೈಯೂ ಇದ್ದವರು ಬೆಳೆಯುತ್ತಾರೆ.

ಮನೆಯಲ್ಲಿ ಉಳಿಯುವವರಿಗೂ ಒಂದು ಮಾತು. ಬಂದವರು ಹೊಸ ವಿಚಾರವನ್ನು ಹೇಳಿದರೆ, "ಪರದೇಶ ನೋಡಿದ ಗರ್ವ" ಎಂದು ಕೂಡಲೇ ಬಾಯಿ ಮುಚ್ಚಿಸಬೇಡಿರಿ. ಅವರು ತಂದ ಹಣವನ್ನು ತೆಗೆದುಕೊಂಡು ಅವರು ತಂದ ಜ್ಞಾನವನ್ನು ಹೊರಗೆ ನಿಲ್ಲಿಸುವದು ನ್ಯಾಯವಲ್ಲ.

ಈಗ ಆ ತಾಯಿಗೆ ನಮ್ಮ ಉತ್ತರ ಇದು: ಅಮ್ಮಾ, ನಿನ್ನ ಮಗಳು ಹೋದ ಹಾಗೆಯೇ ಬರುವದಿಲ್ಲ, ಹಾಗೆ ಬಂದರೆ ಹೋದದ್ದು ವ್ಯರ್ಥ. ನಿನ್ನ ಅಡಿಗೆಮನೆಯಲ್ಲಿ ನೀನು ಕಾಣದ ಹೊಗೆಯನ್ನು ಅವಳು ಕಂಡಾಳು, ನಿನಗೆ ಸ್ವಲ್ಪ ನೋವಾದೀತು. ಆದರೆ ಆ ಹೊಗೆಗೆ ಹೆದರಿ ದೂರ ನಿಲ್ಲದೆ, ಒಳಗೆ ಬಂದು ನಿನ್ನ ಸಂಗಡ ಒಲೆಯನ್ನು ಸರಿಮಾಡುವದಕ್ಕೆ ಕೂತರೆ, ಅವಳು ನಿನ್ನ ಮಗಳೇ. ಅದಕ್ಕಾಗಿ ಈಗಿನಿಂದಲೇ ಪ್ರಾರ್ಥಿಸು. ಬಾಗಲನ್ನು ಮಾತ್ರ ಮುಚ್ಚಬೇಡ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ರಮಾಬಾಯಿಯು ಯಾವ ಉದ್ದೇಶದಿಂದ ಇಂಗ್ಲೆಂಡಿಗೆ ಹೋದಳು? ಅದು ನೆರವೇರದೆ ಇದ್ದಾಗ ಏನು ಮಾಡಿದಳು?
2. ಆಕೆಯು ಪರದೇಶದಿಂದ ತೆಗೆದುಕೊಂಡದ್ದು ಯಾವದು? ತೆಗೆದುಕೊಳ್ಳದೆ ಬಿಟ್ಟದ್ದು ಯಾವದು?
3. ನಮ್ಮ ಸಭೆಯಿಂದ ದೂರ ಹೋಗಿ ಬಂದವರು ಯಾರು? ಅವರು ಕಲಿತದ್ದನ್ನು ನಾವು ಎಂದಾದರೂ ಕೇಳಿದೆವೋ?