ಕ್ಯಾಮರಾ ಕೊಳ್ಳುವ ಮುನ್ನ

ಸ್ಟುಡಿಯೋ ಇಡಲು ಸಾಲ ಮಾಡಿ ಕ್ಯಾಮರಾ ಕೊಳ್ಳುವವರಿಗಾಗಿ ಎರಡು ದುಬಾರಿ ಡಿಜಿಟಲ್ ಎಸ್‌ಎಲ್‌ಆರ್‌ಗಳನ್ನು ಹೋಲಿಸೋಣ. ನಿಕಾನ್ ಡಿ850 (2017) ತೆಗೆದ ಚಿತ್ರದಲ್ಲಿ 4.54 ಕೋಟಿ ಬಿಂದುಗಳು. ಕ್ಯಾನನ್ 5ಡಿ ಮಾರ್ಕ್ 4 (2016) ತೆಗೆದುದರಲ್ಲಿ 3.01 ಕೋಟಿ. ಒಂದೂವರೆ ಪಟ್ಟು! ಆದರೆ ಚಿತ್ರದ ಅಗಲದಲ್ಲಿ ಬಿಂದುಗಳು ಕ್ರಮವಾಗಿ 8256 ಮತ್ತು 6720. ಹೆಚ್ಚಳ ಕಾಲುಭಾಗಕ್ಕಿಂತಲೂ ಕಡಿಮೆ. ಅಂಗುಲಕ್ಕೆ 300 ಬಿಂದುಗಳಂತೆ 12 ಅಂಗುಲ ಅಗಲದ ಚಿತ್ರಕ್ಕೆ 3600 ಸಾಕು. ಮದುವೆಯ ಆಲ್ಬಮ್ಮಿಗೆ ಎರಡೂ ಧಾರಾಳವಾಯಿತು. ದೂರದ ಹಕ್ಕಿಯನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡುವವರಿಗೆ ಹೆಚ್ಚಿನ ಬಿಂದುಗಳು ಬೇಕಾದಾವು.

ನಾವು ಮೊದಲು ವಿಚಾರಿಸಬೇಕಾದದ್ದು ಲೆನ್ಸನ್ನು, ಅಂದರೆ ಮಸೂರವನ್ನು. ನಿಕಾನಿನ ಮಸೂರ ಕ್ಯಾನನ್ನಿಗೆ ನೇರವಾಗಿ ಕೂಡುವುದಿಲ್ಲ. ಆದ್ದರಿಂದ ತಂದೆತಾಯಿಗಳು ಮಗನನ್ನು ಕೇಳಲಿ: ಕ್ಯಾಮರಾ ಕೊಂಡ ಮೇಲೆ ಮಸೂರಕ್ಕೆ ಎಷ್ಟು ಹಣ ಉಳಿಯುತ್ತದಪ್ಪಾ? ಊರಿನಲ್ಲಿ ಎರವಲು ಸಿಗುವ ಮಸೂರ ಯಾವ ಕಂಪನಿಯದು?