ರುಸ್ಲಾನೊವಾ ಜೈಲಿಗೆ ಹೋದದ್ದು ಹಾಡಿದ್ದಕ್ಕೇ?

ಪ್ರಶ್ನೆ: ಯೂಟ್ಯೂಬಿನಲ್ಲಿ ‘ವಾಲೆಂಕಿ’ ಎಂಬ ಹಳೆಯ ರಷ್ಯನ್ ಹಾಡು ಕೇಳಿದೆ. ಹಾಡಿದವರು ಲಿಡಿಯಾ ರುಸ್ಲಾನೊವಾ. ಅವರನ್ನು ಕೆಲವರು ಜನಪದ ಗಾಯಕಿ ಎನ್ನುತ್ತಾರೆ, ಕೆಲವರು ಪಾಪ್ ಗಾಯಕಿ ಎನ್ನುತ್ತಾರೆ. ಯಾವುದು ಸರಿ? ಯುದ್ಧಕಾಲದಲ್ಲಿ ಸೈನಿಕರಿಗಾಗಿ ಹಾಡಿದ ಇವರನ್ನು ಆಮೇಲೆ ಸ್ಟಾಲಿನ್ ಸರ್ಕಾರವೇ ಜೈಲಿಗೆ ಹಾಕಿತಂತೆ. ಅವರ ಹಾಡುಗಳೇ ಇದಕ್ಕೆ ಕಾರಣವೇ?

ಉತ್ತರ: ನೀವು ಕೇಳಿದ್ದು ಎರಡು ಪ್ರಶ್ನೆ, ಎರಡೂ ಕೇಳಬೇಕಾದವೇ. ಮೊದಲನೆಯದಕ್ಕೆ ಚುಟುಕಾಗಿ ಹೇಳುವುದಾದರೆ, ಎರಡೂ ಸರಿ. ಎರಡನೆಯದಕ್ಕೆ: ಜೈಲಿಗೆ ಹೋದದ್ದು ನಿಜ, ಆದರೆ ಹಾಡಿನ ದೆಸೆಯಿಂದಲ್ಲ. ಇಷ್ಟರಿಂದ ನಿಮಗೆ ಸಮಾಧಾನವಾಗಲಾರದು, ಆದ್ದರಿಂದ ಸ್ವಲ್ಪ ಹಿಂದಿನಿಂದ ಬರೋಣ.

ರುಸ್ಲಾನೊವಾ ಹುಟ್ಟಿದ್ದು 1900ರಲ್ಲಿ, ವೋಲ್ಗಾ ನದಿಯ ಸೀಮೆಯಾದ ಸರಾತೊವ್ ಪ್ರಾಂತದ ಬಡ ರೈತ ಕುಟುಂಬದಲ್ಲಿ. ತಂದೆ ರಷ್ಯಾ-ಜಪಾನ್ ಯುದ್ಧಕ್ಕೆ ಹೋದರು, ಇತ್ತ ತಾಯಿ ತೀರಿಕೊಂಡರು. ಕಣ್ಣು ಕಾಣದ ಅಜ್ಜಿಯ ಕೈ ಹಿಡಿದು ಊರೂರು ತಿರುಗಿ, ಹಾಡಿ ಬೇಡುತ್ತಿದ್ದ ಹುಡುಗಿ ಕೊನೆಗೆ ಸರಾತೊವ್ ನಗರದ ಅನಾಥಾಲಯ ಸೇರಿದಳು. ಲಿಡಿಯಾ ರುಸ್ಲಾನೊವಾ ಎಂಬುದು ಹುಟ್ಟುಹೆಸರಲ್ಲ, ಆ ದಿನಗಳಲ್ಲಿ ಅಂಟಿಕೊಂಡ ಹೆಸರು. ಚರ್ಚಿನ ಗಾಯನ ವೃಂದದಲ್ಲಿ ಅವಳ ದನಿ ಕೇಳಲೆಂದೇ ಜನ ಬರುತ್ತಿದ್ದರು. ಯುದ್ಧದಲ್ಲಿ ಕಾಲು ಕಳೆದುಕೊಂಡು ಮರಳಿದ ತಂದೆ ಅದೇ ಚರ್ಚಿನ ಮೆಟ್ಟಿಲ ಮೇಲೆ ಭಿಕ್ಷೆ ಬೇಡುತ್ತಿದ್ದರಂತೆ. ಅಪ್ಪ ಇದ್ದಾನೆಂದು ತಿಳಿದರೆ ಅನಾಥಾಲಯದಲ್ಲಿ ಜಾಗ ತಪ್ಪೀತೆಂದು ಇಬ್ಬರೂ ಪರಿಚಯವೇ ಇಲ್ಲದವರಂತೆ ಇರುತ್ತಿದ್ದರಂತೆ. ರುಸ್ಲಾನೊವಾ ಬಗ್ಗೆ ಬರೆದವರು ಬಿಡದೆ ಹೇಳುವ ಕಥೆ ಇದು.

ಮುಂದೆ ಮರದ ಪೀಠೋಪಕರಣ ಮಾಡುವ ಕಾರ್ಖಾನೆಯಲ್ಲಿ ಪಾಲಿಶ್ ಹಾಕುವ ಕೆಲಸ. ಅಲ್ಲಿದ್ದಾಗ ಸರಾತೊವ್ ಸಂಗೀತ ಶಾಲೆಯ ಪ್ರಾಧ್ಯಾಪಕ ಮೆದ್ವೆದೆವ್ ಅವರ ಕಿವಿಗೆ ಈ ದನಿ ಬಿತ್ತು. ಅವರು ಕರೆದು ಪಾಠ ಹೇಳಿದರು. ಒಪೆರಾ ಗಾಯಕಿಯಾಗುವ ದಾರಿ ತೆರೆದಿತ್ತು, ಆದರೆ ಅದು ತನ್ನದಲ್ಲವೆಂದು ರುಸ್ಲಾನೊವಾಗೆ ಬೇಗ ಮನವರಿಕೆಯಾಯಿತು. ಹಳ್ಳಿಯ ಹೆಂಗಸರು ಬಾಯಿಬಿಟ್ಟು ಹಾಡುವ ಗಟ್ಟಿ ದನಿಯನ್ನು ನಯಗೊಳಿಸಲು ಹೊರಟರೆ ಅದರ ಜೀವವೇ ಹೋಗುತ್ತದೆ ಎಂದು ಕಂಡುಕೊಂಡದ್ದು ಅವರ ಬದುಕಿನ ದೊಡ್ಡ ನಿರ್ಧಾರ ಎಂದು ನನಗೆ ಅನಿಸುತ್ತದೆ. ಜನಪದ ಗಾಯಕಿ ಎನ್ನುವವರು ಹೇಳುತ್ತಿರುವುದು ಇದನ್ನೇ. ಕಲಿತದ್ದು ಹಳ್ಳಿಯಲ್ಲಿ, ಹಾಡಿದ್ದು ಬಹುಮಟ್ಟಿಗೆ ಹಳ್ಳಿಯ ಹಾಡುಗಳನ್ನು.

ಇನ್ನು ‘ಪಾಪ್’ ವಿಚಾರ. ಆ ಮಾತು ಕೇಳಿದೊಡನೆ ಗಿಟಾರು, ಡ್ರಮ್ಸು ನೆನಪಾದರೆ ದಾರಿ ತಪ್ಪುತ್ತದೆ. ಸೋವಿಯತ್ ನಾಡಿನಲ್ಲಿ ‘ಎಸ್ಟ್ರಾಡಾ’ ಎಂಬ ರಂಗಪ್ರಕಾರವಿತ್ತು. ಒಂದೇ ಸಂಜೆ, ಒಂದೇ ವೇದಿಕೆಯಲ್ಲಿ ಹಾಸ್ಯಗಾರ, ಜಾದೂಗಾರ, ನರ್ತಕರು, ಗಾಯಕಿ. ನಡುನಡುವೆ ಮಾತಿನಲ್ಲೇ ಜನರನ್ನು ಹಿಡಿದಿಡುವ ನಿರೂಪಕ. ರುಸ್ಲಾನೊವಾ 1923ರಲ್ಲಿ ರೊಸ್ತೊವ್-ಆನ್-ಡಾನ್ ನಗರದಲ್ಲಿ ವೃತ್ತಿಗಾಯಕಿಯಾಗಿ ಕಾಲಿಟ್ಟದ್ದು ಈ ವೇದಿಕೆಗೆ. (ಇಂಥ ಹೆಸರಾಂತ ನಿರೂಪಕ ಮಿಖಾಯಿಲ್ ಗರ್ಕಾವಿಯನ್ನು ಅವರು ಮದುವೆಯೂ ಆಗಿದ್ದರು.) ಟಿಕೆಟ್ ಕೊಂಡು ಬಂದ ನಗರದ ಜನ, ಗ್ರಾಮಫೋನ್ ಪ್ಲೇಟು, ರೇಡಿಯೋ, ದೇಶವಿಡೀ ಪ್ರವಾಸ, ಎಲ್ಲವೂ ಜನಪ್ರಿಯ ಸಂಗೀತದ ಲೋಕದವೇ. ಕಸೂತಿಯ ರೈತ ಉಡುಪು, ತಲೆಗೆ ಬಣ್ಣದ ವಸ್ತ್ರ, ಪಕ್ಕದಲ್ಲಿ ಬಯಾನ್ ಎಂಬ ಅಕಾರ್ಡಿಯನ್ ನುಡಿಸುವವರು, ಸಭೆಗೆ ಸೊಂಟದವರೆಗೆ ಬಾಗಿ ನಮಸ್ಕಾರ, ಇವೆಲ್ಲ ಹಳ್ಳಿಯಿಂದ ಬಂದವಾದರೂ ವೇದಿಕೆಗೆಂದೇ ಅಣಿಗೊಂಡವು.

ನೀವು ಕೇಳಿದ ‘ವಾಲೆಂಕಿ’ಯನ್ನೇ ನೋಡಿ. ಕುರಿಯ ಉಣ್ಣೆಯನ್ನು ಒತ್ತಿ ಗಟ್ಟಿಮಾಡಿದ, ಹೊಲಿಗೆಯಿಲ್ಲದ ಚಳಿಗಾಲದ ಬೂಟುಗಳಿಗೆ ವಾಲೆಂಕಿ ಎನ್ನುತ್ತಾರೆ. ಹಿಮದಲ್ಲಿ ಬೆಚ್ಚಗಿರುತ್ತವೆ, ತಳ ಸವೆದರೆ ತೇಪೆ ಹಾಕಿಸಲೇಬೇಕು. ತೇಪೆ ಹಾಕಿಸದ ಹಳೆಯ ಬೂಟು, ಪ್ರಿಯನ ಬಳಿಗೆ ಹೋಗಬೇಕೆನ್ನುವ ಹೆಣ್ಣಿನ ಆಸೆ, ಹಾಡಿನಲ್ಲಿರುವುದು ಇಷ್ಟೇ. ಕ್ರಾಂತಿಗೆ ಮೊದಲು ಇದನ್ನು ಜಿಪ್ಸಿ ಗಾಯಕರು ಹಾಡುತ್ತಿದ್ದರು. ರುಸ್ಲಾನೊವಾ ಹಾಡಿದ ಮೇಲೆ ಅದು ಅವರದ್ದೇ ಆಯಿತು. ಪಲ್ಲವಿ ಮರಳಿ ಬರುವಾಗ ಗಮನಿಸಿ, ಪದ ಅದೇ, ಆದರೆ ಒಮ್ಮೆ ಗೊಣಗಾಟ, ಒಮ್ಮೆ ತುಂಟತನ. ಇನ್ನೊಂದು ಕಡೆ, 1938ರ ‘ಕತ್ಯುಷಾ’ ಹೊಚ್ಚಹೊಸದಾಗಿದ್ದಾಗಲೇ ಅದನ್ನು ಹಾಡಿದವರಲ್ಲಿ ಇವರೂ ಒಬ್ಬರು. ಜನಪದದಂತೆ ಕೇಳಿಸುವ ಅದು ಕವಿ ಇಸಕೊವ್ಸ್ಕಿ ಬರೆದು ಬ್ಲಾಂಟರ್ ರಾಗ ಹಾಕಿದ ಹಾಡು. ಎರಡನ್ನೂ ಒಂದೇ ಕಂಠ ಹಾಡುತ್ತಿದ್ದಾಗ ಕೇಳುವವರಿಗೆ ಗೆರೆ ಎಲ್ಲಿ ಕಾಣಬೇಕು?

1941ರಲ್ಲಿ ಜರ್ಮನಿ ದಾಳಿ ಮಾಡಿತು. ಯುದ್ಧರಂಗದಲ್ಲಿ ರುಸ್ಲಾನೊವಾ ನಡೆಸಿದ ಕಚೇರಿಗಳು 1,100ಕ್ಕೂ ಹೆಚ್ಚು. ಕಂದಕದ ಬಳಿ, ಆಸ್ಪತ್ರೆಯಲ್ಲಿ, ಲಾರಿಯ ಹಿಂಬದಿಯೇ ವೇದಿಕೆಯಾಗಿ. ದುಡಿದ ಹಣದಲ್ಲಿ ಎರಡು ಬ್ಯಾಟರಿ ‘ಕತ್ಯುಷಾ’ ರಾಕೆಟ್ ಫಿರಂಗಿಗಳನ್ನು ಸೈನ್ಯಕ್ಕೆ ಕೊಡಿಸಿದರು. ಸೈನಿಕರು ಪ್ರೀತಿಯಿಂದ ಅವನ್ನು ಗಾಯಕಿಯ ಹೆಸರಿಗೆ ಹೊಂದಿಸಿ ‘ಲಿಡೂಷಾ’ ಎಂದು ಕರೆದರು. 1942ರಲ್ಲಿ ಅಶ್ವದಳದ ಜನರಲ್ ವ್ಲಾದಿಮಿರ್ ಕ್ರ್ಯುಕೊವ್ ಜೊತೆ ಮದುವೆಯಾಯಿತು. 1945ರ ಮೇ ತಿಂಗಳಲ್ಲಿ ಬರ್ಲಿನ್ ಬಿದ್ದಾಗ ರೈಖ್‌ಸ್ಟಾಗ್ ಕಟ್ಟಡದ ಮೆಟ್ಟಿಲ ಬಳಿ ಸೈನಿಕರ ನಡುವೆ ನಿಂತು ಹಾಡಿದವರೂ ಇವರೇ.

ಹಾಗಾದರೆ ಜೈಲು ಏಕೆ? ಸ್ಟಾಲಿನ್ ಕಾಲದಲ್ಲಿ ಕಲಾವಿದರು ಸೆರೆಯಾದರೆ ಬರೆದ ಸಾಲೋ ಹಾಡಿದ ಹಾಡೋ ಕಾರಣವೆಂದು ನಾವು ಊಹಿಸುತ್ತೇವೆ. ಹಾಗೆ ಆದದ್ದೂ ಉಂಟು, ಆದ್ದರಿಂದ ನಿಮ್ಮ ಅನುಮಾನ ಸಹಜ. ಆದರೆ ಇಲ್ಲಿ ಗುರಿಯಾಗಿದ್ದವರು ಮಾರ್ಷಲ್ ಝುಕೊವ್. ಯುದ್ಧ ಗೆದ್ದುಕೊಟ್ಟ ಅವರ ಜನಪ್ರಿಯತೆ ಸ್ಟಾಲಿನ್‌ಗೆ ಸಹಿಸಲಾಗಲಿಲ್ಲ. ಕ್ರ್ಯುಕೊವ್ ಝುಕೊವ್‌ಗೆ ಆಪ್ತರು. 1945ರಲ್ಲಿ ಝುಕೊವ್ ತಮ್ಮ ಅಧಿಕಾರದಿಂದ ರುಸ್ಲಾನೊವಾಗೆ ಯುದ್ಧಪದಕವೊಂದನ್ನು ಕೊಟ್ಟಿದ್ದರು. ಅದು ನಿಯಮಬಾಹಿರವೆಂದು 1947ರಲ್ಲಿ ಪಕ್ಷದ ಪಾಲಿಟ್‌ಬ್ಯೂರೋ ತೀರ್ಮಾನಿಸಿತು. ಬರಲಿದ್ದುದರ ಮುನ್ಸೂಚನೆ ಅದು. 1948ರ ಸೆಪ್ಟೆಂಬರಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಬಂಧಿಸಿದರು.

ಆರೋಪ ಎರಡು: ಸೋವಿಯತ್ ವಿರೋಧಿ ಪ್ರಚಾರ, ಜರ್ಮನಿಯಿಂದ ಲೂಟಿ ತಂದ ಮಾಲು. ಎರಡನೆಯದರಲ್ಲಿ ಹುರುಳೇ ಇರಲಿಲ್ಲ ಎನ್ನಲಾಗದು, ಕ್ರ್ಯುಕೊವ್ ಸೇರಿದಂತೆ ಹಲವು ಜನರಲ್‌ಗಳು ಕಾರು, ಸಾಮಾನು ತಂದಿದ್ದರು. ಆದರೆ ಹಿಡಿದದ್ದು ಎಲ್ಲರನ್ನೂ ಅಲ್ಲ, ಝುಕೊವ್ ಬಳಗವನ್ನು. ರುಸ್ಲಾನೊವಾ ಅವರಿಂದ 132 ವರ್ಣಚಿತ್ರಗಳನ್ನೂ 208 ವಜ್ರಗಳನ್ನೂ ವಶಪಡಿಸಿಕೊಂಡರು. ಕಚೇರಿ ಮತ್ತು ರೆಕಾರ್ಡುಗಳ ಸಂಪಾದನೆಯಿಂದ ಕೊಂಡವೆಂದು ಅವರು ವಿಚಾರಣೆಯಲ್ಲಿ ಹೇಳಿದರು. ಹತ್ತು ವರ್ಷದ ಶಿಕ್ಷೆಯಾಯಿತು. ಮೊದಲು ಸೈಬೀರಿಯಾದ ತೈಶೆತ್ ಬಳಿಯ ಓಝೆರ್‌ಲಾಗ್ ಶ್ರಮಶಿಬಿರ, ಆಮೇಲೆ ವ್ಲಾದಿಮಿರ್ ಊರಿನ ಸೆರೆಮನೆ. ರೇಡಿಯೋದಲ್ಲಿ ಅವರ ದನಿ ನಿಂತುಹೋಯಿತು. ನಿಮಗೆ ಹಾಡೇ ಕಾರಣವೆಂದು ತೋರಿದ್ದಕ್ಕೆ ಇದೂ ಒಂದು ಕಾರಣವಿರಬಹುದು, ಆದರೆ ಹಾಡುಗಳಿಗೆ ಬಹಿಷ್ಕಾರ ಬಂದದ್ದು ಗಾಯಕಿ ಸೆರೆಯಾದ ಮೇಲೆ.

1953ರ ಮಾರ್ಚಿನಲ್ಲಿ ಸ್ಟಾಲಿನ್ ತೀರಿಕೊಂಡರು. ಅದೇ ವರ್ಷ ರುಸ್ಲಾನೊವಾ ಹೊರಬಂದು ಮಾಸ್ಕೋದ ಚೈಕೊವ್ಸ್ಕಿ ಸಭಾಂಗಣದಲ್ಲಿ ಮತ್ತೆ ಹಾಡಿದರು. ಕ್ರ್ಯುಕೊವ್ 1959ರಲ್ಲಿ ನಿಧನರಾದರು. ರುಸ್ಲಾನೊವಾ ಮಾತ್ರ 1973ರ ಸೆಪ್ಟೆಂಬರ್ 21ರಂದು ಸಾಯುವ ಸ್ವಲ್ಪ ಮೊದಲಿನವರೆಗೂ ವೇದಿಕೆ ಬಿಡಲಿಲ್ಲ. ನಾಡಿಗೆ ನಾಡೇ ಬಲ್ಲ ಈ ಗಾಯಕಿಗೆ ‘ಜನತೆಯ ಕಲಾವಿದೆ’ ಎಂಬ ಬಿರುದು ಕೊನೆಗೂ ಬರಲಿಲ್ಲ. 1942ರಲ್ಲಿ ಸಿಕ್ಕ, ಅದಕ್ಕಿಂತ ಕೆಳಗಿನ ‘ಗೌರವಾನ್ವಿತ ಕಲಾವಿದೆ’ ಬಿರುದಿನಲ್ಲೇ ಉಳಿದರು.

ನಿಮಗೆ ಇನ್ನಷ್ಟು ಕೇಳುವ ಮನಸ್ಸಿದ್ದರೆ ‘ಸ್ವೇತಿತ್ ಮೇಸ್ಯತ್ಸ್’ ಹುಡುಕಿ, ಅದು ಬೆಳದಿಂಗಳ ಹಾಡು. ಅದಾದ ಮೇಲೆ ‘ಸ್ತೆಪ್ ದಾ ಸ್ತೆಪ್ ಕ್ರುಗೊಮ್’ ಕೇಳಿ. ಹುಲ್ಲುಗಾವಲಿನ ಬಯಲಿನಲ್ಲಿ ಚಳಿಗೆ ಸಾಯುತ್ತಿರುವ ಗಾಡಿಯವನ ಹಾಡು. ಹಳೆಯ ಧ್ವನಿಮುದ್ರಿಕೆಯಾದ್ದರಿಂದ ಗರಗರ ಸದ್ದು ಇದ್ದೇ ಇರುತ್ತದೆ, ಹೆಡ್‌ಫೋನ್ ಹಾಕಿಕೊಂಡರೆ ಅನುಕೂಲ.